ಹಾರೆಗೆ ಹೆಣ್ಣು ಗಂಡು ತಿಳಿಯದು

"ಅದು ಹೆಂಗಸರು ಅಲುಗಾಡಿಸುವ ವಸ್ತುವಲ್ಲ, ಗುಜರಿಗೆ ಹಾಕಿ ಕೈತೊಳೆದುಕೊಳ್ಳಿ" ಎಂದರು ನನ್ನ ಮೈದುನ. ನನಗೆ ಸಿಟ್ಟು ಬಂದದ್ದು ಗುಜರಿ ಎಂದದ್ದಕ್ಕಲ್ಲ, ಹೆಂಗಸರು ಎಂದದ್ದಕ್ಕೆ. ಅದು ನಮ್ಮವರ ಲೇತು. ಅವರು ಹೋದ ಮೇಲೆ ಆರು ವರ್ಷ ಅದರ ಮೇಲೆ ಪಂಪ್‌ಸೆಟ್ಟಿನ ಬುಶ್ ಕಡೆದು ಮನೆ ನಡೆಸಿದವಳು ನಾನು. ಓಡಿಸಬಹುದಂತೆ, ಸರಿಸಬಾರದಂತೆ!

ಶೆಡ್ಡಿನ ಮುಂಭಾಗ ಮಾಲೀಕರಿಗೆ ಬಿಟ್ಟುಕೊಡಬೇಕಿತ್ತು. ಲೇತು ಹಿಂದಿನ ಕೋಣೆಗೆ 22 ಅಡಿ ಹೋಗಬೇಕು. ತೂಕ 800 ಕಿಲೋ. ಹಮಾಲರು ಆರು ಜನ ಬೇಕೆಂದರು, ಹಗ್ಗ ಬಿಗಿದು ಹೆಗಲಿಗೆ ಕೊಡುತ್ತಾರಂತೆ. ಲೇತಿನ ಭಾರವೆಲ್ಲ ಮೇಲೆ, ಪಾದ ಕಿರಿದು. ಒಬ್ಬ ಮುಗ್ಗರಿಸಿದರೆ ಎರಕದ ಕಬ್ಬಿಣವೂ ಒಡೆಯಿತು, ಇನ್ನೊಬ್ಬನ ಕಾಲೂ ಹೋಯಿತು. ಪಾಪ, ಅವರದೇನು ತಪ್ಪು, ಹಾಗೆ ಕಲಿತವರು.

ನಾನು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಲೆಕ್ಕ ಹಾಕಿದೆ. ಒಂದೇ ತುದಿ ಎತ್ತಿದರೆ ಸುಮಾರು ಅರ್ಧ ಭಾರ, 400 ಕಿಲೋ. ಹೆಡ್‌ಸ್ಟಾಕಿನ ಕಡೆ ಹೆಚ್ಚಾಗುತ್ತದೆಂದು ಕ್ಯಾರೇಜನ್ನು ಆಚೆ ತುದಿಗೆ ತಳ್ಳಿದೆ. ಐದಡಿಯ ಹಾರೆಗೆ ಮೊನೆಯಿಂದ ಮೂರಿಂಚಿನಲ್ಲಿ ಮರದ ತುಂಡು ಕೊಟ್ಟರೆ ನನ್ನ ಕಡೆ 57 ಇಂಚು. ಹತ್ತೊಂಬತ್ತು ಪಟ್ಟು! ನನ್ನ ಕೈಗೆ ಬಂದದ್ದು 21 ಕಿಲೋ. ತುಂಬಿದ ಗ್ಯಾಸ್ ಸಿಲಿಂಡರೇ ಹತ್ತಿರಹತ್ತಿರ 30 ಕಿಲೋ. ಅದನ್ನು ನಾವು ಎತ್ತುತ್ತೇವೆಯೇ? ವಾಲಿಸಿ, ಅಂಚಿನ ಮೇಲೆ ಉರುಳಿಸಿಕೊಂಡು ಅಡುಗೆಮನೆಗೆ ಒಯ್ಯುತ್ತೇವೆ. ಬೀರುವಿನ ಅಡಿಗೆ ಗೋಣಿತಾಟು ಹಾಕಿ ಎಳೆಯುತ್ತೇವೆ. ಅಡುಗೆಮನೆಯಲ್ಲಿ ಇದು ಚಾಕಚಕ್ಯತೆ, ಶೆಡ್ಡಿನಲ್ಲಿ ಮಾತ್ರ ಗಂಡಸಿನ ಕೆಲಸ. ಈ ಗೆರೆ ಎಳೆದವರು ಯಾರು? ನಾವೂ ಅದನ್ನು ದಾಟದೆ "ನಮ್ಮ ಕೈಲಾಗೋಲ್ಲಪ್ಪ" ಎನ್ನುತ್ತ ಕೂತಿದ್ದೇವಲ್ಲ, ಅದಕ್ಕೇನು ಹೇಳಲಿ!

ಸಲಕರಣೆಯೆಲ್ಲ ಮನೆಯದೇ. ಹಳೆಯ ಬಾಗಿಲುವಾಡದ ಎರಡು ತೊಲೆ, ಮೂರು ಮೂರಡಿಯ ನಾಲ್ಕು ಜಿಐ ಪೈಪು, ಒಂದು ರಾಶಿ ಹಲಗೆ ತುಂಡು. ಹಾರೆಯನ್ನು 19 ಇಂಚು ಅದುಮಿದರೆ ಲೇತು ಒಂದೇ ಇಂಚು ಏಳುತ್ತದೆ. ಎದ್ದಷ್ಟಕ್ಕೆ ಹಲಗೆ, ಮತ್ತೆ ಎತ್ತು, ಮತ್ತೆ ಹಲಗೆ. ಹಲಗೆಯನ್ನು ಕೋಲಿನಿಂದ ತಳ್ಳಬೇಕು, ಬೆರಳು ಅಡಿಗೆ ಹೋಗಕೂಡದು. ತೊಲೆ ಕೂತವು, ಅಡಿಯಲ್ಲಿ ಪೈಪು ಕೂತವು. ಆಮೇಲೆ ಹಿಂದಿನಿಂದ ಹಾರೆಯಲ್ಲಿ ಮೀಟುವುದು, ಹಿಂದೆ ಉಳಿದ ಪೈಪನ್ನು ಮುಂದಕ್ಕೆ ತಂದಿಡುವುದು. ಎರಡು ದಿನ ಹಿಡಿಯಿತು. ಸೊಂಟ ನೋಯಲಿಲ್ಲ. ಬೇಸರ ಬಂತು, ಅಷ್ಟೆ.

ಅಮೆರಿಕದ ಫ್ಲಾರಿಡಾದಲ್ಲಿ ಎಡ್ವರ್ಡ್ ಲೀಡ್ಸ್‌ಕಾಲ್ನಿನ್ ಎಂಬ ಐದಡಿಯ ಸಣಕಲು ಮನುಷ್ಯನೊಬ್ಬನಿದ್ದ. 1923ರಿಂದ 1951ರಲ್ಲಿ ಸಾಯುವವರೆಗೆ ಒಬ್ಬನೇ ಟನ್ನುಗಟ್ಟಲೆ ತೂಗುವ ಕಲ್ಲುಗಳನ್ನು ಎಬ್ಬಿಸಿ ನಿಲ್ಲಿಸಿದ. ಜನ ಅದನ್ನು ಅಯಸ್ಕಾಂತದ ಗುಟ್ಟು, ಮಂತ್ರವಿದ್ಯೆ ಎಂದೆಲ್ಲ ಕಥೆ ಕಟ್ಟಿದರು. ಅವನ ಹಳೆಯ ಫೋಟೋಗಳಲ್ಲಿ ಕಾಣುವುದು ಮರದ ಮುಕ್ಕಾಲಿ, ಸರಪಳಿ, ರಾಟೆ. ಬಡಕಲು ಗಂಡಸು ಮಾಡಿದರೇ ನಂಬದ ಲೋಕ ಇದು, ಸೀರೆ ಸಿಕ್ಕಿಸಿದವಳನ್ನು ನಂಬೀತೇ?

ಮೂರನೆಯ ದಿನ ಮೈದುನ ಬಂದರು. ಹಿಂದಿನ ಕೋಣೆಯಲ್ಲಿ ಲೇತು ಓಡುತ್ತಿತ್ತು. "ಯಾರು ಬಂದಿದ್ದರು?" ಎಂದರು. ಗೋಡೆಗೊರಗಿಸಿದ್ದ ಹಾರೆ ತೋರಿಸಿದೆ. ಕಾಫಿ ಕುಡಿದು ಹೊರಟವರು, ಪಕ್ಕದ ಗ್ಯಾರೇಜಿಗೆ ಹೋಗಿ ಅದನ್ನೇ ಮತ್ತೆ ಕೇಳಿದರಂತೆ.