ಬೇಲಿಯ ಕೀಲಿ ಯಾರ ಕೈಯಲ್ಲಿತ್ತು?

ನಮ್ಮ ಯುವಕ ಯುವತಿಯರು ಈಗ ಒಂದು ಬಗೆಯ ಸಾಹಸ ಕಥೆಗಳನ್ನು ಮೆಚ್ಚುತ್ತಾರೆ. ಮುಂದೆಂದೋ ಬರುವ ಕೆಟ್ಟ ಕಾಲ, ಕ್ರೂರ ಆಳ್ವಿಕೆ, ಊರ ಸುತ್ತ ತಂತಿ ಬೇಲಿ, ಅದನ್ನು ದಾಟುವ ಹುಡುಗ ಹುಡುಗಿ. ಕ್ರೈಸ್ತ ಲೇಖಕರೂ ಇಂಥವನ್ನು ಬರೆದಿದ್ದಾರೆ. ಅಮೆರಿಕದ ಜೆರಿ ಜೆಂಕಿನ್ಸ್ ಮತ್ತು ಟಿಮ್ ಲಾಹೇ 1998ರಿಂದ ಎಳೆಯರಿಗಾಗಿಯೇ ಹೊರತಂದ 'ಲೆಫ್ಟ್ ಬಿಹೈಂಡ್' ಮಾಲೆಯಲ್ಲಿ, ಭಕ್ತರೆಲ್ಲ ಮೇಲಕ್ಕೆ ಒಯ್ಯಲ್ಪಟ್ಟ ಬಳಿಕ ಭೂಮಿಯಲ್ಲಿ ಉಳಿದ ನಾಲ್ವರು ಮಕ್ಕಳು ಕ್ರಿಸ್ತವಿರೋಧಿಯನ್ನು ಎದುರಿಸುತ್ತಾರೆ.

ಇವನ್ನು ಓದಬಾರದೆಂದು ನಾವು ಹೇಳುವುದಿಲ್ಲ. ಇವುಗಳ ಬೇರು ಸತ್ಯವೇದದಲ್ಲಿಯೇ ಇದೆ. ಬಾಬೆಲಿನ ಅರಸನ ಬಂಗಾರದ ಪ್ರತಿಮೆಗೆ ಅಡ್ಡಬೀಳದ ಮೂವರು ಯುವಕರನ್ನು ಬೆಂಕಿಗೆ ಹಾಕಿದ ಕಥೆ ದಾನಿಯೇಲನ ಗ್ರಂಥದಲ್ಲಿದೆ. ದೇವರು ಬಿಡಿಸದೆ ಹೋದರೂ ಅಡ್ಡಬೀಳುವುದಿಲ್ಲವೆಂದ ಅವರ ಧೈರ್ಯ ದುಡಿಯುವವರ ಮಕ್ಕಳಿಗೆ ಬೇಕು.

ಆದರೆ ಇಂಥ ಅನೇಕ ಕಥೆಗಳಲ್ಲಿ ಹಿಂಸಿಸುವವನು ಯಾವಾಗಲೂ ಹೊರಗಿನವನು, ನಂಬುವವನು ಯಾವಾಗಲೂ ಹಿಂಸೆಗೊಳಗಾದವನು. ನಮ್ಮ ಜಿಲ್ಲೆಯ ಇತಿಹಾಸ ಹಾಗೆ ಹೇಳುವುದಿಲ್ಲ.

ಚಪಳಗಾಂವದಿಂದ ದುಡಿಯಲು ಸೊಲ್ಲಾಪುರಕ್ಕೆ ಹೋಗುವವರು 'ಸೆಟ್ಲಮೆಂಟ್' ಎಂಬ ಹೆಸರು ಕೇಳಿರಬಹುದು. ಬ್ರಿಟಿಷ್ ಸರಕಾರ 1871ರಲ್ಲಿ ಒಂದು ಕಾಯ್ದೆ ಮಾಡಿ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಗುನ್ಹೇಗಾರರೆಂದು ಕರೆಯಿತು. ಪಾರ್ಧಿ, ಕೈಕಾಡಿ ಮೊದಲಾದವರನ್ನು ಮುಂದೆ ತಂತಿ ಬೇಲಿಯೊಳಗೆ ತಂದಿಟ್ಟರು. ಹಾಜರಿ ಕೊಡಬೇಕು, ಹೊರಗೆ ಹೋಗಲು ಚೀಟಿ ಬೇಕು. ಅವರ ದುಡಿಮೆ ಗಿರಣಿಗಳಿಗೆ ಸಲ್ಲುತ್ತಿತ್ತು. ಹುಬ್ಬಳ್ಳಿ, ವಿಜಾಪುರಗಳಲ್ಲಿಯೂ ಇಂಥ ವಸತಿಗಳಿದ್ದವು. ಸರಕಾರದ ಪರವಾಗಿ ಕೆಲವನ್ನು ನಡೆಸಿದವರು ಯಾರು? ಸಾಲ್ವೇಶನ್ ಆರ್ಮಿ, ಅಮೆರಿಕನ್ ಮರಾಠಿ ಮಿಷನ್ ಮೊದಲಾದ ಕ್ರೈಸ್ತ ಸಂಸ್ಥೆಗಳು. ಅವರು ಶಾಲೆ ತೆರೆದರು, ಕಸುಬು ಕಲಿಸಿದರು, ನಿಜ. ಆದರೆ ಬೇಲಿಯ ಕೀಲಿಯನ್ನೂ ಕೈಯಲ್ಲಿ ಹಿಡಿದರು. ಒಳಗಿದ್ದ ಮಗುವಿಗೆ ಕಂಡದ್ದು ಬೇಲಿಯೇ.

ಆ ಕಾಯ್ದೆ ದೇಶದಲ್ಲೆಲ್ಲ ರದ್ದಾದದ್ದು 1952ರ ಆಗಸ್ಟ್ 31ರಂದು. ಸಂಶಯ ಮಾತ್ರ ರದ್ದಾಗಲಿಲ್ಲ. ಕಳ್ಳರೆಂದು ಹಣೆಪಟ್ಟಿ ಹಚ್ಚಲ್ಪಟ್ಟ ಉಚಲ್ಯಾ ಜನರ ಬಾಳನ್ನು ಲಕ್ಷ್ಮಣ ಗಾಯಕವಾಡರು 1987ರಲ್ಲಿ 'ಉಚಲ್ಯಾ' ಎಂಬ ಮರಾಠಿ ಆತ್ಮಕಥೆಯಲ್ಲಿ ಬರೆದರು. 1988ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮರಾಠಿ ಬಲ್ಲ ನಮ್ಮ ಮಕ್ಕಳು ಅದನ್ನು ಸಾಹಸ ಕಥೆಗಳ ಜೊತೆಯಲ್ಲಿಟ್ಟು ಓದಬೇಕು.

ಯುವಕರ ಕೂಟ ನಡೆಸುವ ಸಹೋದರ ಸಹೋದರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಕಥೆ ಓದಿ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿರಿ: ಈ ಕಥೆಯ ಬೇಲಿಯನ್ನು ಕಟ್ಟಿದವರು ಯಾರು? ನಮ್ಮೂರಲ್ಲಿ ಅಂಥ ಬೇಲಿಯ ಯಾವ ಬದಿಗೆ ನಾವಿದ್ದೇವೆ? ಊರಲ್ಲಿ ಕಳವಾದಾಗ ಮೊದಲು ಪಾರ್ಧಿಯ ಗುಡಿಸಲನ್ನೇ ತಡಕಿದರೆ, ಅವನ ಪರವಾಗಿ ಠಾಣೆಯವರೆಗೆ ನಡೆದುಹೋಗುವವರು ನಮ್ಮ ಕೂಟದಲ್ಲಿ ಎಷ್ಟು ಮಂದಿ? ಉತ್ತರವನ್ನು ಅವರೇ ಎಣಿಸಿ ಹೇಳಲಿ.