ಬೇರೇರ ರೊಟ್ಟಿಗೆ ಹುಡುಕಾಟ, ನಮ್ಮ ಮುದ್ದೆಗೆ ನಾಚಿಕೆ

ನನ್ನ ಮಗ ಷಿಕಾಗೋದಲ್ಲವ್ನೆ. ಹೋದ ವರ್ಷ ಅವ್ನ ಮನೇಲಿ 3 ತಿಂಗ್ಳು ಇದ್ದು ದೊಡ್ಡಬಳ್ಳಾಪುರಕ್ಕೆ ವಾಪಸ್ ಬಂದೆ. ಒಂದು ಮಾತು ಇನ್ನೂ ಗಂಟ್ಲಲ್ಲೇ ಐತೆ, ಹೇಳ್ಬುಡ್ತೀನಿ.

ಅವ್ನಿಗೆ ಮೆಕ್ಸಿಕನ್ ಊಟದ ಹುಚ್ಚು. ಹಂಗಂತ ಸಿಕ್ಕಿದ ಕಡೆ ತಿನ್ನಲ್ಲ. ದೊಡ್ಡ ಹೋಟ್ಲಲ್ಲಿ ಮೇಲೆಲ್ಲ ಚೀಸ್ ಸುರಿದು ಕೊಡೋದು ಅಸಲಿ ಅಲ್ವಂತೆ. "ಅವ್ರ ಜನ ಎಲ್ಲಿ ತಿಂತಾರೋ ಅಲ್ಲಿಗೇ ಹೋಗ್ಬೇಕಮ್ಮ" ಅಂತ ಪಿಲ್ಸೆನ್ ಅನ್ನೋ ಏರಿಯಾದ 18ನೇ ಬೀದಿಗೆ ಕರ್ಕೊಂಡು ಹೋದ. ಸಣ್ಣ ಅಂಗ್ಡಿ. ಕೆಲ್ಸದ ಬಟ್ಟೇಲೇ ಬಂದು ಜನ ತಿಂತಿದ್ರು. ನನ್ನ ವಯಸ್ಸಿನ ಆಯಮ್ಮ ಒಬ್ರು ಕಾವ್ಲಿ ಮೇಲೆ ರೊಟ್ಟಿ ಬೇಯಿಸ್ತಿದ್ರು. ಅದಕ್ಕೆ ಟೋರ್ಟಿಯಾ ಅಂತಾರೆ. ಮುಸುಕಿನ ಜೋಳಾನ ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ತೊಳೆದು, ರುಬ್ಬಿ ಮಾಡೋದು. ನಮ್ಮ ಕಡೆ ಅದೇ ಜೋಳ ದನಕ್ಕೆ, ಕೋಳಿ ಫೀಡಿಗೆ! ಜೊತೆಗೆ ಬೆಂದ ಕಾಳು, ಈರುಳ್ಳಿ, ಕೊತ್ತಂಬರಿ, ಖಾರದ ಚಟ್ನಿ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ.

ಅದೇ ವಾರ ಅವ್ನ ಆಫೀಸ್‌ನೋರು ಊಟಕ್ಕೆ ಬರೋರಿದ್ರು. ಡೆವನ್ ಅವೆನ್ಯೂ ಅಂಗ್ಡಿಯಿಂದ ತಂದ ರಾಗಿ ಹಿಟ್ಟು ಇತ್ತು. ಮುದ್ದೆ, ಸೊಪ್ಪಿನ ಬಸ್ಸಾರು ಮಾಡ್ತೀನಿ ಕಣಪ್ಪ ಅಂದೆ. "ಅದೆಲ್ಲ ಬ್ಯಾಡಮ್ಮ, ಅವ್ರು ಏನಂದ್ಕೋತಾರೆ? ದೋಸೆ ಮಾಡು" ಅಂದ. ದೋಸೆ ಹುಯ್ದೆ. ನಂಗೆ ಒಂದು ತುತ್ತೂ ಇಳೀಲಿಲ್ಲ.

ಇದ್ಯಾವ ನ್ಯಾಯ? ಬೇರೇರ ಮನೆ ಊಟಕ್ಕೆ ಬೀದಿ ಬೀದಿ ಹುಡುಕೋದು, ನಮ್ಮದಾದ್ರೆ ಹೋಟ್ಲಲ್ಲಿ ಸಿಗೋದೇ ಸಾಕು ಅನ್ನೋದು! ನಾನು ಅವ್ರ ಊಟ ಹಳೀತಿಲ್ಲ. ನಮ್ಮ ಬಸ್ಸಾರಿನ ಮೆಣಸಿನಕಾಯೇ ಆ ಕಡೆಯಿಂದ ಬಂದಿದ್ದು. ಪೋರ್ಚುಗೀಸರು ಅದನ್ನ ತರೋಗಂಟ ನಮ್ಮೋರು ಖಾರಕ್ಕೆ ಕರಿಮೆಣಸನ್ನೇ ಹಾಕ್ತಿದ್ರು. ಆದ್ರೆ ಆ ಜನ ಊರು ಬಿಟ್ಟು ಹೋದ್ರೂ ದಿನಾ ತಿನ್ನೋ ರೊಟ್ಟೀನ ಬಚ್ಚಿಡ್ಲಿಲ್ಲ, ಮುಂದಿಟ್ಟು ಮಾರಿದ್ರು.

ಮುದ್ದೆ ನುಂಗೋಕೆ ಹೊರಗಿನೋರಿಗೆ ಬರಲ್ಲ ಅಂತೀರಾ? ರೊಟ್ಟಿ ಹೆಂಗೆ ಮಡಚಿ ಹಿಡೀಬೇಕು ಅಂತ ಆಯಮ್ಮ ನಂಗೆ ಕೈಯಲ್ಲೇ ತೋರ್ಸಿದ್ರು. ಅವ್ರ ಮಾತು ನಂಗೆ ಬರಲ್ಲ, ನನ್ನ ಮಾತು ಅವ್ರಿಗೆ ಬರಲ್ಲ. ತೋರ್ಸೋ ಮನಸ್ಸಿದ್ರೆ ಸಾಕು.

ತಪ್ಪು ಮಕ್ಳದೊಂದೇ ಅಲ್ಲ ಕಣ್ರಮ್ಮ. ನೆಂಟ್ರು ಬಂದಾಗ ಮುದ್ದೆ ಪಾತ್ರೆ ಒಳಗೆ ಸರ್ಸಿ ಅನ್ನ ಬಡ್ಸಿದೋರು ನಾವೇ. ಅದನ್ನ ನೋಡ್ಕೊಂಡೇ ಅವ್ನು ಬೆಳೆದ. ಈ ಸಂಕ್ರಾಂತಿಗೆ ಬೀಗರು ಬರ್ತಾವ್ರೆ. ಅವರೆಕಾಳು ಸಾರು, ಮುದ್ದೆ. ಅನ್ನ ಆಮೇಲೆ.