ಫಲಕ್ಕೆ ಆತುರ ಬೇಡ

ಪ್ಲಾಸ್ಟಿಕ್ ವಿದ್ಯುತ್ತನ್ನು ತಡೆಯುವ ವಸ್ತುವೆಂದೇ ನಾವು ಶಾಲೆಯಲ್ಲಿ ಕಲಿತದ್ದು. 1977ರಲ್ಲಿ ಶಿರಕಾವ, ಮ್ಯಾಕ್‌ಡಯರ್ಮಿಡ್, ಹೀಗರ್ ಅವರು ಪಾಲಿಅಸೆಟಿಲೀನ್‌ಗೆ ಅಯೋಡಿನ್ ಸೇರಿಸಿ ವಿದ್ಯುತ್ ಹರಿಸಿ ತೋರಿಸಿದರು. ಇಂಥ ಪಾಲಿಮರುಗಳ ಮೇಲೆ ಪ್ರಬಲ ಲೇಸರ್ ಬಿದ್ದರೆ ಅವುಗಳ ವಕ್ರೀಭವನ ಗುಣವೇ ಬದಲಾಗುತ್ತದೆ, ಅದೂ ಫೆಮ್ಟೊಸೆಕೆಂಡುಗಳಲ್ಲಿ. ಒಂದು ಫೆಮ್ಟೊಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲನ್ನು ಮತ್ತೆ ಹತ್ತು ಲಕ್ಷವಾಗಿ ಸೀಳಿದಷ್ಟು!

ಬೆಳಕಿನಿಂದಲೇ ಬೆಳಕನ್ನು ಹಿಡಿದು ಬಿಡುವ ಸ್ವಿಚ್ಚುಗಳು ಬರುವುವೆಂದು 1980ರ ದಶಕದಲ್ಲಿ ದೊಡ್ಡ ನಿರೀಕ್ಷೆಯಿತ್ತು. ಆದರೆ ಈ ವಸ್ತುಗಳು ಬೆಳಕನ್ನು ಹೀರಿ ಬಿಸಿಯೇರುತ್ತವೆ, ಕೆಡುತ್ತವೆ. ಪೇಟೆಗೆ ಬರುವ ದಾರಿ ಅಲ್ಲಿ ಕಟ್ಟಿತು.

ಹಾಗಾದರೆ ದುಡಿದದ್ದು ದಂಡವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಅದೇ ಕುಲದ ಪಾಲಿಮರೊಂದು 1990ರಲ್ಲಿ ಕೇಂಬ್ರಿಜಿನಲ್ಲಿ ವಿದ್ಯುತ್ತಿನಿಂದ ಬೆಳಗಿತು. ಅಡಿಕೆ ಸಸಿ ನೆಟ್ಟು ಮರುವರ್ಷವೇ ಗೊನೆ ಕೇಳುವ ಕೃಷಿಕ ನಮ್ಮಲ್ಲಿಲ್ಲ. ಸಂಶೋಧನೆಗೆ ಹಣ ನೀಡುವ ಸರಕಾರಗಳೂ ಆ ತಾಳ್ಮೆಯನ್ನು ಕಲಿಯಬೇಕು.